ಜಲಜನಕವೋ, ಮೀಥೇನೋ?

ನಮ್ಮ ದೇಶವು ಬಳಸುವ ಸ್ವಾಭಾವಿಕ ಅನಿಲದಲ್ಲಿ ಸುಮಾರು ಅರ್ಧಪಾಲು ಪರದೇಶಗಳಿಂದ ಹಡಗುಗಳಲ್ಲಿ ಬರುತ್ತಿದೆ. ಈ ಪರಾವಲಂಬನವನ್ನು ತಗ್ಗಿಸುವ ಉದ್ದೇಶವನ್ನೂ ಇಟ್ಟುಕೊಂಡು ಕೇಂದ್ರ ಸರಕಾರದವರು 2023ನೆಯ ಇಸವಿ ಜನವರಿಯಲ್ಲಿ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ 19,744 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿದರು. ಬಿಸಿಲು ಗಾಳಿಗಳ ವಿದ್ಯುಚ್ಛಕ್ತಿಯಿಂದ ನೀರನ್ನು ವಿಭಜಿಸಿ ಜಲಜನಕವನ್ನು ಪಡೆಯುವುದು ಇದರ ಮುಖ್ಯಾಂಶ. ಆ ಜಲಜನಕವನ್ನು ಮೀಥೇನ್ ಅನಿಲವಾಗಿ ಮಾರ್ಪಡಿಸಿದರೆ ಈಗಿರುವ ಕೊಳವೆಗಳಲ್ಲಿಯೂ ಒಲೆಗಳಲ್ಲಿಯೂ ಅದು ಹಾಗೆಯೇ ಉಪಯೋಗಕ್ಕೆ ಬರುವುದೆಂಬ ವಾದವೊಂದುಂಟು. ಸಾರ್ವಜನಿಕರ ಹಣದ ವಿನಿಯೋಗದ ಪ್ರಶ್ನೆಯಾದುದರಿಂದ ಇದನ್ನು ಪರಿಶೀಲಿಸುವುದು ನಮ್ಮ ಕರ್ತವ್ಯ.

ಈ ವಿದ್ಯೆಯೇನೂ ಹೊಸದಲ್ಲ. ಜಲಜನಕವನ್ನೂ ಇಂಗಾಲಾಮ್ಲ ಅನಿಲವನ್ನೂ ಕಾದ ನಿಕ್ಕಲ್ ಲೋಹದ ಮೇಲೆ ಹಾಯಿಸಿದರೆ ಮೀಥೇನೂ ನೀರೂ ಉಂಟಾಗುವುವೆಂಬುದನ್ನು ತೋರಿಸಿದವರು, 1912ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಫ್ರಾನ್ಸಿನ ಪಾಲ್ ಸಬಾಟಿಯೇ ಅವರು. ಜರ್ಮನಿಯ ವೆರ್ಲ್ಟೆ ಎಂಬ ಊರಿನಲ್ಲಿ ಆಡಿ ಮೋಟಾರು ಕಂಪೆನಿಯವರು 2013ರಲ್ಲಿ 6 ಮೆಗಾವಾಟ್ ವಿದ್ಯುತ್ತನ್ನು ಬಳಸುವ ಕಾರ್ಖಾನೆಯನ್ನು ಸ್ಥಾಪಿಸಿ, ನೆರೆಯ ಜೈವಿಕ ಅನಿಲದ ಸ್ಥಾವರದಿಂದ ಇಂಗಾಲಾಮ್ಲವನ್ನು ಪಡೆದು ಇದನ್ನು ಕಾರ್ಯತಃ ಸಾಧಿಸಿದರು.

ಆದರೆ ಸಾಧ್ಯವಾದುದೆಲ್ಲವೂ ಯೋಗ್ಯವಲ್ಲ. ವಿದ್ಯುತ್ತಿನ 100 ಪಾಲು ಶಕ್ತಿಯಲ್ಲಿ ಮೀಥೇನಿಗೆ ಬಂದು ಸೇರುವುದು ಸುಮಾರು 50ರಿಂದ 60 ಪಾಲು ಮಾತ್ರ. ಅದನ್ನು ಸುಟ್ಟು ಪುನಃ ವಿದ್ಯುತ್ತನ್ನು ಪಡೆಯಹೊರಟರೆ ಮೂರನೆಯ ಒಂದು ಪಾಲು ಉಳಿಯುವುದೂ ಕಷ್ಟ. ಸಾಲದುದಕ್ಕೆ, ಸೋರಿಹೋದ ಮೀಥೇನು ಇಪ್ಪತ್ತು ವರ್ಷಗಳ ಅವಧಿಯಲ್ಲಿ ಇಂಗಾಲಾಮ್ಲಕ್ಕಿಂತ 80 ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸುವುದು.

ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೊಂದಿದೆ. ನಮ್ಮ ಯೂರಿಯಾ ಗೊಬ್ಬರದ ಕಾರ್ಖಾನೆಗಳು ಇಂದು ಅನಿಲವನ್ನು ತರಿಸಿ, ಅದನ್ನು ಒಡೆದು ಜಲಜನಕವನ್ನು ತೆಗೆಯುತ್ತಿವೆ. ಒಂದು ಕಡೆ ಮೀಥೇನಿನಿಂದ ಜಲಜನಕವನ್ನೂ, ಮತ್ತೊಂದು ಕಡೆ ಜಲಜನಕದಿಂದ ಮೀಥೇನನ್ನೂ ಮಾಡುವುದು ಬೆಣ್ಣೆಯನ್ನು ಕೊಟ್ಟು ಮಜ್ಜಿಗೆಯನ್ನು ಕೊಂಡಂತಾಗುವುದಿಲ್ಲವೇ? ಸ್ವದೇಶದ ಜಲಜನಕದ ಮೇಲೆ ಮೊದಲ ಹಕ್ಕು ರೈತನ ಗೊಬ್ಬರಕ್ಕೆ ಸಲ್ಲತಕ್ಕದ್ದು.

ಮೀಥೇನಿಗೆ ಸ್ಥಾನವೇ ಇಲ್ಲವೆಂದು ನಾವು ಹೇಳುವುದಿಲ್ಲ. ಸಕ್ಕರೆ ಕಾರ್ಖಾನೆಗಳ ಮದ್ಯಸಾರದ ಘಟಕಗಳಲ್ಲಿ ಕಾಕಂಬಿ ಹುಳಿಯುವಾಗ ಏಳುವ ಇಂಗಾಲಾಮ್ಲವೂ, ಕೊಳ್ಳುವವರಿಲ್ಲದೆ ವ್ಯರ್ಥವಾಗುವ ನಡುಹಗಲಿನ ಸೌರವಿದ್ಯುತ್ತೂ ಒಂದೆಡೆ ಕೂಡುವಲ್ಲಿ ಸಣ್ಣ ಪ್ರಮಾಣದ ಪರೀಕ್ಷೆಗಳು ನಡೆಯಲಿ. ಸೋರಿಕೆಯ ಲೆಕ್ಕವನ್ನು ಪ್ರಕಟಿಸಲಿ. ಅದಕ್ಕೆ ಮುಂಚೆ ದೊಡ್ಡ ಧನಸಹಾಯಕ್ಕೆ ಕೈಹಾಕುವುದು ವಿವೇಕವಲ್ಲವೆಂದು ಸರಕಾರದವರಲ್ಲಿ ಅರಿಕೆ ಮಾಡುತ್ತೇವೆ.