‘ರೈಸ್’ ಎಂಬ ಮನೆತನದ ಹೆಸರು: ನಿಷ್ಪತ್ತಿಯೂ ವಂಶಾವಳಿಯೂ

ಕನ್ನಡ ಶಾಸನಾಧ್ಯಯನ ಮತ್ತು ಸಾಹಿತ್ಯ ಚರಿತ್ರೆಯ ಕ್ಷೇತ್ರಗಳಲ್ಲಿ ಬಿ.ಎಲ್. ರೈಸ್, ಇ.ಪಿ. ರೈಸ್ ಅವರ ಹೆಸರುಗಳು ಚಿರಪರಿಚಿತ. ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟ ಪ್ರಕಟವಾದದ್ದು 1886ರಲ್ಲಿ. ಅಂದಿನಿಂದ ಈ ಹೆಸರು ನಮ್ಮ ವಿದ್ವತ್ ವಲಯದಲ್ಲಿ ಬಳಕೆಯಲ್ಲಿದ್ದರೂ, ಅದರ ಮೂಲವೇನೆಂದು ಕೇಳಿದರೆ ‘ಅಕ್ಕಿ’ ಎಂಬ ಉತ್ತರವೇ ಮೊದಲು ಬರುತ್ತದೆ. ಇದು ವಿನೋದವಾದರೆ ಬಾಧಕವಿಲ್ಲ. ಧ್ವನಿಸಾಮ್ಯವನ್ನೇ ಪ್ರಮಾಣವೆಂದು ಭಾವಿಸುವ ನಮ್ಮ ಪ್ರವೃತ್ತಿಯ ಲಕ್ಷಣವಾದರೆ ಯೋಚಿಸಬೇಕಾಗುತ್ತದೆ.

ಇಂಗ್ಲಿಷಿನ ‘ರೈಸ್’ ಎಂಬ ಮನೆತನದ ಹೆಸರಿಗೆ ಪ್ರಧಾನ ಮೂಲ ವೇಲ್ಸ್ ಭಾಷೆಯ ‘ರೀಸ್’ ಎಂಬ ಅಂಕಿತನಾಮ. ಆವೇಶ, ಉತ್ಸಾಹ ಎಂಬುದು ಅದರ ಅರ್ಥ. ದಕ್ಷಿಣ ವೇಲ್ಸನ್ನು ಆಳಿ 1197ರಲ್ಲಿ ಮಡಿದ ರೀಸ್ ಅಪ್ ಗ್ರಿಫಿದ್ ಈ ಹೆಸರಿನ ಪ್ರಸಿದ್ಧ ಅರಸ. ‘ಅಪ್’ ಎಂದರೆ ಮಗ. ವೇಲ್ಸಿನಲ್ಲಿ ತಂದೆಯ ಹೆಸರು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಿತ್ತು. 16ನೆಯ ಶತಮಾನದಲ್ಲಿ ಇಂಗ್ಲಿಷ್ ಆಡಳಿತ ಪದ್ಧತಿ ಬಂದ ಮೇಲೆ ಅದು ಕ್ರಮೇಣ ಸ್ಥಿರವಾದ ಮನೆತನದ ಹೆಸರಾಯಿತು. ‘ಅಪ್ ರೀಸ್’ ಕೂಡಿ ‘ಪ್ರೈಸ್’ ಆಯಿತು. ಅದಕ್ಕೂ ಬೆಲೆಗೂ ಸಂಬಂಧವಿಲ್ಲ. ಇಂಗ್ಲಿಷಿನ ದೀರ್ಘ ಈಕಾರವು 15ನೆಯ ಶತಮಾನದಿಂದೀಚೆಗೆ ಐಕಾರವಾಗಿ ಪಲ್ಲಟಗೊಂಡುದನ್ನು ಗಮನಿಸಿದರೆ ‘ರೈಸ್’ ರೂಪವೂ ಸ್ಪಷ್ಟವಾಗುತ್ತದೆ. ಕುಲೀನ ಮನೆತನವಾದ ಡೈನೆವರ್‌ನವರು ತಲೆಮಾರುಗಳ ಕಾಲ ‘ರೈಸ್’ ಎಂದೇ ಬರೆದುಕೊಂಡು, 1916ರಲ್ಲಿ ಮತ್ತೆ ‘ರೀಸ್’ ರೂಪಕ್ಕೆ ಮರಳಿದ್ದು ಇದಕ್ಕೆ ಪೋಷಕವಾದ ನಿದರ್ಶನ.

ಹಾಗೆಂದು ಬೆಂಗಳೂರಿನಲ್ಲಿ 1837ರಲ್ಲಿ ಹುಟ್ಟಿದ ಬಿ.ಎಲ್. ರೈಸ್ ಅವರನ್ನು ವೇಲ್ಸಿನ ಅರಸುಕುಲದವರೆಂದು ಸಾರಿದರೆ ಅದು ಇನ್ನೊಂದು ಪ್ರಮಾದ. ಒಂದೇ ಹೆಸರಿನಲ್ಲಿ ಬೇರೆ ಬೇರೆ ಮೂಲಗಳು ಬೆರೆಯಬಹುದು. ಅಮೆರಿಕದಲ್ಲಿ ಜರ್ಮನ್ ಮೂಲದ ‘ರೈಸ್’ ಕೂಡ ಇದೇ ಕಾಗುಣಿತದಲ್ಲಿ ಸೇರಿಹೋಗಿದೆ. ಹೆಸರಿನ ನಿಷ್ಪತ್ತಿ ಭಾಷಾಶಾಸ್ತ್ರದ ವಿಷಯ, ಕುಟುಂಬದ ವಂಶಾವಳಿ ದಾಖಲೆಗಳ ವಿಷಯ. ಮೊದಲನೆಯದು ಎರಡನೆಯದಕ್ಕೆ ಸಾಕ್ಷಿಯಾಗಲಾರದು.

ಈ ವಿವೇಕ ನಮ್ಮ ನಾಮಾಧ್ಯಯನಕ್ಕೂ ಅವಶ್ಯ. ಮನೆತನದ ಹೆಸರೊಂದರ ಉಚ್ಚಾರಣೆಯನ್ನಷ್ಟೇ ಹಿಡಿದು ಜಾತಿ, ವೃತ್ತಿ, ವಲಸೆಗಳನ್ನು ನಿರ್ಣಯಿಸುವ ಬರಹಗಳು ನಮ್ಮಲ್ಲಿ ಕಡಿಮೆಯಿಲ್ಲ. ಅಂಥ ನಿರ್ಣಯಗಳು ಮುಂದೆ ಜನರ ಸ್ಥಾನಮಾನಗಳ ವಾದಕ್ಕೂ ಆಧಾರವಾಗಿಬಿಡುತ್ತವೆ. ಹೆಸರಿನ ಪ್ರಾಚೀನತಮ ಲಿಖಿತ ರೂಪ, ಅದರ ಕಾಲ, ಪ್ರದೇಶ, ಧ್ವನಿಪರಿವರ್ತನೆಯ ನಿಯಮ — ಇವು ಖಚಿತವಾಗುವವರೆಗೆ ಅರ್ಥವನ್ನು ಊಹೆಯೆಂದೇ ಕರೆಯಬೇಕು. ಶಾಸನಪಾಠವನ್ನು ಅಕ್ಷರ ಅಕ್ಷರವಾಗಿ ಪರಿಶೀಲಿಸುವ ಶಿಸ್ತನ್ನು ನಾವು ಯಾರಿಂದ ಕಲಿತೆವೋ ಅವರ ಹೆಸರನ್ನೇ ಆ ಶಿಸ್ತಿಲ್ಲದೆ ಓದುವುದು ತರವಲ್ಲ.