ಬಾಡಿಗೆಗೆ ಸಿಗುವ ಬಾಲ್ಯ

ಬೇಸಿಗೆ ರಜೆ ಮುಗಿಯುತ್ತ ಬಂದಿದ್ದ ಒಂದು ಸಂಜೆ ಗಜೇಂದ್ರಗಡದ ಪರಿಚಿತ ಕುಟುಂಬವೊಂದನ್ನು ಕಾಣಲು ಹೋಗಿದ್ದೆ. ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಏಳು ವರ್ಷದ ಮಗ, ಇನ್ನೂ ಹೆಜ್ಜೆ ಊರಲು ಕಲಿಯುತ್ತಿರುವ ಮಗಳು. ಹಿಂದಿನ ವಾರವಷ್ಟೇ ನಾಲ್ವರೂ ನೂರಕ್ಕೂ ಹೆಚ್ಚು ಕಿಲೋಮೀಟರ್ ಪ್ರಯಾಣ ಮಾಡಿ ಹುಬ್ಬಳ್ಳಿಯ ಮಾಲ್ ಒಂದರಲ್ಲಿರುವ ಮಕ್ಕಳ ಆಟದ ಮನೆಗೆ ಹೋಗಿ ಬಂದಿದ್ದರು. ಗಂಟೆಗೆ ಇಷ್ಟೆಂದು ಟಿಕೆಟ್ಟು, ಅಲ್ಲಿಯೇ ಕೊಂಡು ಹಾಕಿಕೊಳ್ಳಬೇಕಾದ ಕಾಲುಚೀಲಕ್ಕೆ ಬೇರೆ ದುಡ್ಡು, ಹೊರಗೆ ಬಂದ ಮೇಲೆ ತಿಂಡಿ ತಿನಿಸು. ಲೆಕ್ಕ ಹಾಕಿದರೆ ಒಂದು ವಾರದ ಸಂತೆಯ ಖರ್ಚು ಎರಡು ಗಂಟೆಯಲ್ಲಿ ಕರಗಿತ್ತು.

ಹುಡುಗ ಮಾತ್ರ ಹಿಗ್ಗಿನಲ್ಲಿದ್ದ. ಬಣ್ಣದ ಚೆಂಡುಗಳ ಹೊಂಡ, ಜಾರುಬಂಡೆ, ಹಾರಿದರೆ ಮತ್ತೆ ಮೇಲಕ್ಕೆ ಚಿಮ್ಮಿಸುವ ಹಾಸು, ಎಲ್ಲವನ್ನೂ ಕೈಯಾಡಿಸಿ ವರ್ಣಿಸಿದ. "ಅಲ್ಲಿ ಬಿದ್ರೂ ಪೆಟ್ಟ ಹತ್ತೂದಿಲ್ರೀ ಫಾದರ್" ಎಂದ. "ಅಪ್ಪ ಏನು ಆಡಿದರು?" ಎಂದು ಕೇಳಿದೆ. ಹುಡುಗನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ಅಪ್ಪ ಹೊರಗ ಕುರ್ಚಿ ಮ್ಯಾಲ ಕುಂತಿದ್ದ್ರೀ, ಮೊಬೈಲ್ ನೋಡ್ಕೋತ."

ಆ ಮಾತಿನಲ್ಲಿ ದೂರಿನ ಸುಳಿವೂ ಇರಲಿಲ್ಲ. ಅಪ್ಪನ ಸ್ಥಾನ ಕುರ್ಚಿ, ತನ್ನ ಸ್ಥಾನ ಒಳಗೆ ಎಂಬುದನ್ನು ಆ ಮಗು ಸಹಜವೆಂದು ಒಪ್ಪಿಕೊಂಡಿತ್ತು. ನನ್ನನ್ನು ಕಲಕಿದ್ದು ಅದೇ. ಕುಟುಂಬವೆಲ್ಲ ಒಟ್ಟಾಗಿ ಹೋದ ಪ್ರವಾಸವೆಂದು ನಾವು ಕರೆಯುವ ಆ ದಿನದಲ್ಲಿ ಕುಟುಂಬ ಒಟ್ಟಾಗಿದ್ದದ್ದು ಬಸ್ಸಿನಲ್ಲಿ ಮಾತ್ರ!

ತಾಯಿ ಕೇಳಿದ ಪ್ರಶ್ನೆ

ನಾನು ಸ್ವಲ್ಪ ಉಪದೇಶದ ಧಾಟಿಯಲ್ಲಿ ಮಾತನಾಡತೊಡಗಿದಾಗ ಆ ತಾಯಿ ನನ್ನನ್ನು ತಡೆದರು. "ಈ ಬಿಸಿಲಾಗ ಎಲ್ಲಿ ಕರಕೊಂಡು ಹೋಗೂದ್ರೀ ಫಾದರ್? ರಸ್ತಾದಾಗ ಗಾಡಿ, ಓಣ್ಯಾಗ ನಾಯಿ. ಆಡಾಕ ಜಾಗಾ ಎಲ್ಲೈತಿ, ನೀವ ಹೇಳ್ರಿ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆಕೆಯ ಮಾತು ನೂರಕ್ಕೆ ನೂರು ಸತ್ಯ. ರೋಣ, ನರಗುಂದ, ಗಜೇಂದ್ರಗಡದ ಏಪ್ರಿಲ್ ಬಿಸಿಲು ಹೇಗಿರುತ್ತದೆಂದು ಇಲ್ಲಿ ಬಾಳಿದವರಿಗೆ ಹೇಳಬೇಕಾಗಿಲ್ಲ. ಆದ್ದರಿಂದ ಈ ಲೇಖನ ತಂದೆತಾಯಿಯರ ಮೇಲಿನ ದೋಷಾರೋಪಣೆಯಲ್ಲ. ದಣಿದ ತಾಯಿಯೊಬ್ಬಳು ಎರಡು ಗಂಟೆಯ ನೆಮ್ಮದಿಯನ್ನು ದುಡ್ಡು ಕೊಟ್ಟು ಕೊಂಡರೆ ಅವಳನ್ನು ಹಂಗಿಸುವ ಹಕ್ಕು ಯಾರಿಗೂ ಇಲ್ಲ.

ನನ್ನ ತಕರಾರು ಬೇರೆಯದು. ಆಟವು ಮಗುವಿಗೆ ಊರು ಪುಕ್ಕಟೆಯಾಗಿ ಕೊಡುತ್ತಿದ್ದ ವಸ್ತು. ಮೊದಲು ನಾವೆಲ್ಲರೂ ಸೇರಿ ಆ ಜಾಗವನ್ನು ಮಗುವಿನಿಂದ ಕಸಿದುಕೊಂಡೆವು. ಈಗ ಅದನ್ನೇ ನಾಲ್ಕು ಗೋಡೆಯೊಳಗೆ ಕೂಡಿಹಾಕಿ, ಗಂಟೆಯ ಲೆಕ್ಕದಲ್ಲಿ, ಕೊಳ್ಳಬಲ್ಲವರಿಗೆ ಮಾತ್ರ ಮಾರುತ್ತಿದ್ದೇವೆ. ಕೊಳ್ಳಲಾರದ ಮಗುವಿಗೆ ಏನು ಉಳಿಯಿತು? ಅದೇ ಓಣಿಯ ಮಗ್ಗದ ಮನೆಯ ಮಗು, ಹಮಾಲಿ ಮಾಡುವವನ ಮಗು ಆ ಭಾನುವಾರ ಎಲ್ಲಿ ಆಡಿತು? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದೇ ಇಲ್ಲ.

ಊರೇ ಅಂಗಳವಾಗಿದ್ದ ಕಾಲ

1922ರಲ್ಲಿ ರೋಣದಲ್ಲಿ ಜನಿಸಿದ ಪಂಡಿತ ಭೀಮಸೇನ ಜೋಶಿಯವರ ಬಾಲ್ಯದ ಪ್ರಸಂಗವೊಂದು ಪ್ರಸಿದ್ಧವಾಗಿದೆ. ವಾದ್ಯದ ಮೆರವಣಿಗೆ ಕಂಡರೆ ಸಾಕು, ಹುಡುಗ ಅದರ ಬೆನ್ನು ಹತ್ತಿ ಹೋಗಿ, ದಣಿದಲ್ಲಿಯೇ ಮಲಗಿಬಿಡುತ್ತಿದ್ದನಂತೆ. ಹುಡುಕಿ ಹುಡುಕಿ ಬೇಸತ್ತ ತಂದೆ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆಸಿದರು. ಕಂಡವರು ಮಗುವನ್ನು ಎತ್ತಿಕೊಂಡು ಬಂದು ಮನೆಗೆ ಬಿಡುತ್ತಿದ್ದರು. 2008ರಲ್ಲಿ ಭಾರತ ರತ್ನಕ್ಕೆ ಪಾತ್ರರಾದ ಆ ಮಹಾನ್ ಗಾಯಕನ ಮೊದಲ ಪಾಠಶಾಲೆ ಬೀದಿಯೇ ಎಂದರೆ ತಪ್ಪಾಗಲಾರದು. ತಂದೆ ಮಗನನ್ನು ಕೋಣೆಯಲ್ಲಿ ಕೂಡಿಹಾಕಲಿಲ್ಲ. ಊರಿನವರ ಮೇಲೆ ನಂಬಿಕೆಯಿಟ್ಟು ಅಂಗಿಯ ಮೇಲೆ ವಿಳಾಸ ಬರೆದರು. ಇಂದು ನಾವು ಕಳೆದುಕೊಂಡಿರುವುದು ಜಾಗವನ್ನಷ್ಟೇ ಅಲ್ಲ, ಆ ನಂಬಿಕೆಯನ್ನು ಕೂಡ.

ನಮ್ಮ ಎರೆಭೂಮಿಯ ಜನ ಕುಟುಂಬ ಸಮೇತ ಹೊರಗೆ ಹೋಗುವುದನ್ನು ಮಾಲ್‌ನಿಂದ ಕಲಿಯಬೇಕಾಗಿರಲಿಲ್ಲ. ಶೀಗಿ ಹುಣ್ಣಿಮೆಗೆ, ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಪದ್ಧತಿಯನ್ನು ನೆನೆಯಿರಿ. ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆಯ ಬುತ್ತಿ ಕಟ್ಟಿಕೊಂಡು ಬಂಡಿ ಏರುತ್ತಿದ್ದರು. ಅಜ್ಜಿಯಿಂದ ಕೂಸಿನವರೆಗೆ ಎಲ್ಲರೂ. ಹೊಲವಿಲ್ಲದ ನೆರೆಮನೆಯವರನ್ನೂ ಕರೆದೊಯ್ಯುವುದು ಮರ್ಯಾದೆಯಾಗಿತ್ತು. ನಮ್ಮ ಕ್ರೈಸ್ತ ಕುಟುಂಬಗಳೂ ನೆರೆಯವರ ಕರೆಗೆ ಓಗೊಟ್ಟು ಆ ಹೊಲದೂಟ ಉಂಡಿವೆ. ಅಲ್ಲಿ ನೋಡುತ್ತ ಕೂಡುವವರು ಯಾರೂ ಇರಲಿಲ್ಲ. ನೀರು ತರುವವರು, ಬಡಿಸುವವರು, ಮಕ್ಕಳಿಗೆ ಕಡಲೆ ಗಿಡ ತೋರಿಸುವವರು, ಹೀಗೆ ಎಲ್ಲರಿಗೂ ಒಂದೊಂದು ಕೆಲಸ. ನಾಗರ ಪಂಚಮಿಗೆ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯನ್ನು ಮಕ್ಕಳೊಂದಿಗೆ ಅವ್ವಂದಿರೂ ಜೀಕುತ್ತಿದ್ದರು. ದೊಡ್ಡವರು ಆಡುತ್ತಿದ್ದರು ಎಂಬುದೇ ಆ ಆಟಗಳ ಸೊಗಸು.

ಹಳೆಯದೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ಆ ಕಾಲದಲ್ಲಿ ಹೆಣ್ಣುಮಕ್ಕಳು ಒಲೆಯ ಮುಂದೆ ಬೆಂದದ್ದೂ ನಿಜ, ಕೆಲವರ ಮಕ್ಕಳನ್ನು ಕೆಲವರ ಅಂಗಳಕ್ಕೆ ಸೇರಿಸದಿದ್ದದ್ದೂ ನಿಜ. ಆದರೆ ತಪ್ಪನ್ನು ತಿದ್ದುವ ಬದಲು ಅಂಗಳವನ್ನೇ ಮಾರಿಕೊಂಡರೆ ಅದು ಸುಧಾರಣೆಯೇ?

ಉಳಿಸಿದ ಸಮಯ ಯಾರಿಗೆ?

ಮಾತಿನ ನಡುವೆ ಆ ಮನೆಯ ಪುಟ್ಟ ಮಗಳು ಗಾಲಿ ಹಚ್ಚಿದ ವಾಕರಿನಲ್ಲಿ ಕೋಣೆಯಿಂದ ಕೋಣೆಗೆ ಉರುಳುತ್ತಿದ್ದಳು. ಅವ್ವನ ಕೈ ಬಿಡುವಾಗಲೆಂದು ತಂದದ್ದು. ಈ ವಾಕರುಗಳನ್ನು ಮಾರುವುದನ್ನು ಕೆನಡಾ ದೇಶ 2004ರಲ್ಲಿಯೇ ನಿಷೇಧಿಸಿತು. ಮೆಟ್ಟಿಲಿನಿಂದ ಉರುಳಿ ತಲೆಗೆ ಪೆಟ್ಟು ಮಾಡಿಕೊಂಡ ಮಕ್ಕಳ ಸಂಖ್ಯೆ ಅಷ್ಟಿತ್ತು. ವಾಕರ್ ಮಗುವಿಗೆ ನಡೆಯಲು ಕಲಿಸುವುದಿಲ್ಲ ಎಂದು ಮಕ್ಕಳ ವೈದ್ಯರೂ ಹೇಳುತ್ತ ಬಂದಿದ್ದಾರೆ. ಆದರೂ ನಮ್ಮ ಪೇಟೆಯಲ್ಲಿ ಅದು ಧಾರಾಳವಾಗಿ ಮಾರಾಟವಾಗುತ್ತದೆ. ಕೂಸಿಗೆ ಹೆಜ್ಜೆ ಕಲಿಸಲು ಬೇಕಾದದ್ದು ಬಾಗಿದ ಒಂದು ಬೆನ್ನು, ಚಾಚಿದ ಎರಡು ಬೆರಳು.

ಕುಟುಂಬಕ್ಕೆ ಅನುಕೂಲವೆಂದು ಬರುವ ಪ್ರತಿಯೊಂದು ವಸ್ತುವನ್ನೂ ನಾನು ವಿರೋಧಿಸುವುದಿಲ್ಲ. ಬಸ್ಸಿನ ಪ್ರಯಾಣದಲ್ಲಿ ಡಯಾಪರ್, ಅಡುಗೆ ಮನೆಯಲ್ಲಿ ಮಿಕ್ಸರ್, ನೀರು ಸೋಸುವ ಯಂತ್ರ, ಇವು ತಾಯಂದಿರ ಹೊರೆ ಇಳಿಸಿವೆ. ಇಳಿಯಲಿ. ಆದರೆ ಕೊಳ್ಳುವ ಮುನ್ನ ಒಂದೇ ಪ್ರಶ್ನೆ ಕೇಳಿ: ಇದು ಉಳಿಸುವ ಸಮಯ ಯಾರಿಗೆ ಹೋಗುತ್ತದೆ? ಬಟ್ಟೆ ಒಗೆಯುವ ಯಂತ್ರ ಉಳಿಸಿದ ಒಂದು ಗಂಟೆ ಮಗುವಿಗೋ, ಅವ್ವನ ವಿಶ್ರಾಂತಿಗೋ ಹೋದರೆ ಆ ವಸ್ತು ಮನೆಯನ್ನು ಸೇವಿಸಿತು. ಅದು ಮೊಬೈಲಿಗೆ ಹೋದರೆ ನಾವು ವಸ್ತುವಿನ ಸೇವೆಗೆ ನಿಂತಂತೆ. ಉಣಿಸುವಾಗ ಮಗುವಿನ ಮುಂದೆ ಮೊಬೈಲ್ ನಿಲ್ಲಿಸುವ ಸ್ಟ್ಯಾಂಡ್ ಕೂಡ ಈಗ 'ಅನುಕೂಲದ ವಸ್ತು'. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಒಂದು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡ, ಮೂರು ನಾಲ್ಕು ವರ್ಷದವರು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ತಿಂಗಳಿಗೊಮ್ಮೆ ಹುಬ್ಬಳ್ಳಿಯಲ್ಲಿ ಕೊಳ್ಳುವ ಎರಡು ಗಂಟೆ ಪ್ರತಿದಿನದ ಆ ಮೂರು ಗಂಟೆಗೆ ಎಂದಾದರೂ ಸಾಟಿಯಾದೀತೇ?

ಬೆಂಕಿ ಕಲಿಸಿದ ಪಾಠ

'ಒಳಗೆ ಸುರಕ್ಷಿತ' ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕಾಗಿದೆ. 2024ರ ಮೇ 25, ಬೇಸಿಗೆ ರಜೆಯ ಶನಿವಾರದ ಸಂಜೆ. ಗುಜರಾತಿನ ರಾಜಕೋಟ್ ನಗರದ ಒಂದು ಗೇಮ್ ಝೋನ್‌ನಲ್ಲಿ 99 ರೂಪಾಯಿಯ ರಿಯಾಯಿತಿ ಟಿಕೆಟ್ಟಿಗೆ ಜನ ಕಿಕ್ಕಿರಿದಿದ್ದರು. ತಗಡಿನ ಆ ಕಟ್ಟಡಕ್ಕೆ ಬೆಂಕಿ ಬಿದ್ದು 27 ಜನ ಸುಟ್ಟು ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವಿಲ್ಲದೆಯೇ ಅದು ನಡೆಯುತ್ತಿತ್ತು. ಗುಜರಾತ್ ಹೈಕೋರ್ಟು ಇದನ್ನು ಮನುಷ್ಯ ನಿರ್ಮಿತ ದುರಂತವೆಂದು ಕರೆಯಿತು. ಮಕ್ಕಳನ್ನು ಒಳಗೆ ಕಳುಹಿಸುವ ನಾವು ಎಷ್ಟು ಜನ ಎರಡನೆಯ ಬಾಗಿಲು ಎಲ್ಲಿದೆಯೆಂದು ನೋಡುತ್ತೇವೆ? ಅಗ್ನಿ ಸುರಕ್ಷತೆಯ ಪತ್ರ ಕೇಳುತ್ತೇವೆಯೇ? ನಮ್ಮ ಊರುಗಳಿಗೂ ಇಂಥ ಆಟದ ಮನೆಗಳು ಬರುವ ದಿನ ದೂರವಿಲ್ಲ, ಕೇಳುವುದನ್ನು ಈಗಲೇ ಕಲಿಯೋಣ.

ಬೀಗ ಹಾಕಿದವರು ನಾವೇ

ಹಾಗಾದರೆ ಆ ತಾಯಿಯ ಪ್ರಶ್ನೆಗೆ ಉತ್ತರವೇನು? ಜಾಗ ಇಲ್ಲವೆಂಬುದು ಪೂರ್ತಿ ನಿಜವಲ್ಲ. ಜಾಗವಿದೆ, ಆದರೆ ಅದಕ್ಕೆ ಬೀಗವಿದೆ. ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುತ್ತದೆ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಕಾಪಾಡಲೆಂದೇ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯೊಂದಿದೆ. ಆಟವು ಮಗುವಿನ ಹಕ್ಕು ಎಂದು ಸಾರಿದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1992ರಲ್ಲಿಯೇ ಸೇರಿಕೊಂಡಿತು. ಕಾನೂನು ಕಾಗದದಲ್ಲಿದೆ, ಬೀಗದ ಕೈ ಯಾರದೋ ಜೇಬಿನಲ್ಲಿದೆ.

ಬೀಗದ ವಿಷಯದಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ನಾನಿದ್ದ ಧರ್ಮಕೇಂದ್ರದ ಅಂಗಳದಲ್ಲಿ ಓಣಿಯ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಒಂದು ದಿನ ಚೆಂಡು ಕಿಟಕಿಯ ಗಾಜು ಒಡೆಯಿತು. ಮರುದಿನವೇ ಗೇಟಿಗೆ ಬೀಗ ಹಾಕಿಸಿದೆ, ಅಂಗಳದಲ್ಲಿ ಹೂಗಿಡ ನೆಡಿಸಿದೆ. ಹೂಗಳು ಚೆನ್ನಾಗಿ ಅರಳಿದವು. ಹುಡುಗರು ಹೆದ್ದಾರಿಯ ಅಂಚಿನಲ್ಲಿ ಆಡತೊಡಗಿದರು. ಟ್ಯೂರಿನ್ ನಗರದಲ್ಲಿ ಸಂತ ಜಾನ್ ಬೋಸ್ಕೊ ಬೀದಿಯ ಹುಡುಗರನ್ನು ಕೂಡಿಸಿದಾಗ ಗದ್ದಲ ತಾಳಲಾರದ ನೆರೆಯವರು ಅವರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಓಡಿಸಿದರು. ಕೊನೆಗೆ 1846ರಲ್ಲಿ ವಾಲ್ದೊಕ್ಕೊದಲ್ಲಿ ಅವರಿಗೆ ನೆಲೆ ಸಿಕ್ಕಿತು. ಆ ಸಂತರ ಹಬ್ಬವನ್ನು ಪ್ರತಿವರ್ಷ ಆಚರಿಸುವ ನಾನು ಓಡಿಸಿದ ನೆರೆಯವರ ಸಾಲಿನಲ್ಲಿ ನಿಂತಿದ್ದೆ.

ಆದ್ದರಿಂದ ಪ್ರಿಯ ಓದುಗರೇ, ಮೊದಲು ನಮ್ಮ ನಮ್ಮ ಗೇಟುಗಳನ್ನು ತೆರೆಯೋಣ. ಚರ್ಚಿನ ಅಂಗಳ, ನಮ್ಮ ಶಾಲೆಗಳ ಮೈದಾನ ಸಂಜೆ ಐದರಿಂದ ಏಳರವರೆಗೆ ಎಲ್ಲ ಮಕ್ಕಳಿಗೂ ತೆರೆದಿರಲಿ, ಜಾತಿ ಮತ ಕೇಳದೆ. ಗಾಜು ಒಡೆದರೆ ಹಾಕಿಸೋಣ. ಬೇಸಿಗೆಯ ಮಧ್ಯಾಹ್ನ ಬಿಸಿಲೆಂದರೆ ಖಾಲಿ ಬಿದ್ದಿರುವ ಸಭಾಭವನದಲ್ಲಿ ಅಳಗುಳಿಮಣೆ, ಚೌಕಾಬಾರ, ಹುಲಿ-ಕುರಿಯಾಟ ಹಾಸಿಕೊಡೋಣ. ಅದೂ ಒಳಾಂಗಣದ ಆಟವೇ, ಆದರೆ ಅಲ್ಲಿ ಅಜ್ಜಿಯೇ ಗುರು. ಎರಡನೆಯದಾಗಿ, ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗ ಏನಾಗಿದೆಯೆಂದು ಪುರಸಭೆಗೆ ಅರ್ಜಿ ಕೊಟ್ಟು ಕೇಳೋಣ. 1980ರಲ್ಲಿ ನೀರಿನ ಕರದ ವಿರುದ್ಧ ಎದ್ದುನಿಂತ ರೈತರ ನಾಡಿದು, ಮಹದಾಯಿ ನೀರಿಗಾಗಿ 2015ರಿಂದ ಧರಣಿ ಕೂತ ನರಗುಂದವಿದು. ಮಕ್ಕಳ ಆಟದ ಬಯಲಿಗಾಗಿ ಒಂದು ಅರ್ಜಿ ಬರೆಯಲು ನಮಗೆ ಕೈ ಬಾರದೇ?

ಮೂರನೆಯದು ಮನೆಯಿಂದ ಆಗಬೇಕಾದದ್ದು. ತಿಂಗಳಿಗೊಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೊರಡಿ. ಗಜೇಂದ್ರಗಡದವರು ಬೆಳಗಿನ ತಂಪಿನಲ್ಲಿ ಬೆಟ್ಟ ಹತ್ತಬಹುದು. ನರಗುಂದದವರಿಗೆ ಬಾಬಾಸಾಹೇಬನ ಕೋಟೆಯ ಗುಡ್ಡವಿದೆ, 1858ರ ಬಂಡಾಯದ ಕಥೆ ಹೇಳುತ್ತ ಏರಬಹುದು. ರೋಣದವರಿಗೆ ಸೂಡಿಯ ಜೋಡು ಕಳಸದ ಗುಡಿ, ನಾಗಕುಂಡ ಹತ್ತಿರದಲ್ಲಿಯೇ ಇವೆ. ಬುತ್ತಿ ಕಟ್ಟಿಕೊಳ್ಳಿ, ಕೂಸಿಗೆ ಹಾಸಲು ಅವ್ವ ಹೊಲಿದ ಕೌದಿ ಇರಲಿ, ನೆರೆಮನೆಯ ಒಂದು ಮಗುವನ್ನೂ ಕರೆದುಕೊಳ್ಳಿ. ವರ್ಷಕ್ಕೊಮ್ಮೆ ಹುಬ್ಬಳ್ಳಿಯ ಆಟದ ಮನೆಗೂ ಹೋಗಿ, ಪಾಪವೇನಿಲ್ಲ.

ಬಿಡುಗಡೆ ಹೊಂದಿದ ನಗರದ ಗುರುತಾಗಿ ಪ್ರವಾದಿ ಜೆಕರ್ಯನು ಕಂಡದ್ದು ಕೋಟೆಯನ್ನಲ್ಲ, ಬೀದಿ ತುಂಬ ಆಡುವ ಹುಡುಗ ಹುಡುಗಿಯರನ್ನು. ಅದೇ ಬೀದಿಯಲ್ಲಿ ಕೋಲೂರಿ ಕುಳಿತ ಮುದುಕ ಮುದುಕಿಯರೂ ಇದ್ದರು. ಆ ದರ್ಶನಕ್ಕೆ ಟಿಕೆಟ್ಟಿರಲಿಲ್ಲ.

ಮೊನ್ನೆ ಆ ಹುಡುಗ ಮತ್ತೆ ಸಿಕ್ಕಿದ್ದ, ಮೊಣಕಾಲು ತರಚಿತ್ತು. "ಗುಡ್ಡ ಇಳಿಯೂ ಮುಂದ ಬಿದ್ನಿರೀ. ಅಪ್ಪನೂ ಬಿದ್ದ" ಎಂದು ನಕ್ಕ. ತಂದೆಯಂದಿರೇ, ಆ ಕುರ್ಚಿಯಿಂದ ಏಳಿ.