ಕಿವಿಗೆ ಅಭ್ಯಾಸವಾಗುವುದುಂಟೆ?

ಹಿರಿಯೂರಿನಲ್ಲಿ ಹೆದ್ದಾರಿಯ ಬದಿಗೆ ಮನೆ ಮಾಡಿಕೊಂಡಿರುವವರನ್ನು ಕೇಳಿ, ಹೊಳಲ್ಕೆರೆಯ ಹಿಟ್ಟಿನ ಗಿರಣಿಯಾತನನ್ನು ಕೇಳಿ, ಹೊಸದುರ್ಗದ ಜಾತ್ರೆಗಳಲ್ಲಿ ಉರುಮೆ ಬಾರಿಸುವಾತನನ್ನು ಕೇಳಿ: "ಕಿವಿಗೆ ಅಭ್ಯಾಸವಾಗಿಬಿಟ್ಟಿದೆ, ಸ್ವಾಮಿ" ಎಂಬುದೊಂದೇ ಉತ್ತರ. ಈ ಮಾತಿನಲ್ಲಿ ಒಂದು ಪಾಲು ಸತ್ಯವೂ ಉಂಟೆಂಬುದು ಸೋಜಿಗ.

1988ರಲ್ಲಿ ಸ್ವೀಡನ್ನಿನ ಬಾರ್ಬರಾ ಕ್ಯಾನ್ಲನ್ ಮತ್ತು ಸಂಗಡಿಗರು ಕೆಲವು ಗಿನಿ ಹಂದಿಗಳಿಗೆ 24 ದಿನ 81 ಡೆಸಿಬೆಲ್‌ನ ಹದವಾದ ಸ್ವರವನ್ನು ಕೇಳಿಸಿದರು. ಬಳಿಕ ಅವನ್ನೂ, ಆ ಸ್ವರವನ್ನೇ ಕೇಳದಿದ್ದ ಬೇರೆ ಹಂದಿಗಳನ್ನೂ ಮೂರು ದಿನ 105 ಡೆಸಿಬೆಲ್‌ನ ಅಬ್ಬರಕ್ಕೆ ಒಡ್ಡಿದರು. ಪಳಗಿದ ಕಿವಿಗಳಿಗೆ ತಗುಲಿದ ಪೆಟ್ಟು ಕಡಿಮೆ, ಚೇತರಿಕೆಯೂ ಮೇಲು. (24 ಡೆಸಿಬೆಲ್ ಏರಿತೆಂದರೆ ಸದ್ದಿನ ಶಕ್ತಿ ಸುಮಾರು 250 ಪಟ್ಟಾಯಿತೆಂದು ಲೆಕ್ಕ.)

ನಮ್ಮ ಒಳಗಿವಿಯ ಶಂಖದಲ್ಲಿ ಸುಮಾರು 15 ಸಾವಿರ ರೋಮಕೋಶಗಳಿವೆ. ಮಿದುಳಿನ ಕಾಂಡದಿಂದ ಬರುವ ನರಗಳು ಇವುಗಳಲ್ಲಿ ಹೊರಸಾಲಿನವಕ್ಕೆ ಲಗಾಮು ಹಾಕುತ್ತವೆ. ಹದವಾದ ಸದ್ದು ಆ ಲಗಾಮನ್ನು ಬಿಗಿ ಮಾಡುತ್ತದೆ, ಕೋಶಗಳನ್ನು ಕಾಯುವ ದ್ರವ್ಯಗಳನ್ನೂ ಹೆಚ್ಚಿಸುತ್ತದೆ ಎಂದು ಸಂಶೋಧಕರು ಭಾವಿಸುತ್ತಾರೆ.

ಹಾಗಾದರೆ ನಮ್ಮ ಗಿರಣಿಯಾತ ಗೆದ್ದನೆ? ಇಲ್ಲ. ಪಳಗಿಸುವ ಸದ್ದು ಬೇರೆ, ಪೆಟ್ಟು ಕೊಡುವ ಸದ್ದು ಬೇರೆ. ಅವನಿಗೆ ನಿತ್ಯ ದೊರೆಯುತ್ತಿರುವುದು ಎರಡನೆಯದು. ಅವನು ಅಭ್ಯಾಸವೆನ್ನುವುದು ಎಷ್ಟೋ ವೇಳೆ ಮನಸ್ಸಿನ ಉದಾಸೀನ, ಇಲ್ಲವೆ ಕೋಶಗಳ ಸಾವು. ಸತ್ತ ರೋಮಕೋಶ ಕೋಳಿಗೆ ಮತ್ತೆ ಚಿಗುರುತ್ತದೆ. ಆ ಭಾಗ್ಯ ಮನುಷ್ಯನಿಗಿಲ್ಲ. ಮೆರವಣಿಗೆಯ ಮರುದಿನ ಕಿವಿ ತಿಳಿಯಾಯಿತೆಂದು ಹಿಗ್ಗುವಂತೆಯೂ ಇಲ್ಲ. ಶ್ರವಣ ಮರಳಿದ ಮೇಲೂ ನರತುದಿಗಳು ಶಾಶ್ವತವಾಗಿ ಕಳಚಿರುವುದನ್ನು 2009ರಲ್ಲಿ ಅಮೆರಿಕದ ಕುಜಾವಾ ಮತ್ತು ಲಿಬರ್‌ಮನ್ ಇಲಿಗಳಲ್ಲಿ ತೋರಿಸಿಕೊಟ್ಟರು.

ಗದ್ದಲ ಮೊದಲು ಕಸಿಯುವುದು ತಾರಧ್ವನಿಗಳನ್ನು. ಮಾತಿನೊಳಗೆ ಸ-ಕಾರ ಶ-ಕಾರಗಳು ಮಸುಕಾಗುತ್ತವೆ, ಪಿಸುಮಾತು ಸೋರಿಹೋಗುತ್ತದೆ. ನೀರಿಗೆ ಬಂದ ಓಬವ್ವ ಕಿಂಡಿಯಾಚೆ ಹೈದರಾಲಿಯ ಸೈನಿಕರ ಸದ್ದನ್ನು ಆಲಿಸಿದಳೆಂದು ನಮ್ಮ ದುರ್ಗದ ಜನ ಹೇಳುತ್ತಾರೆ. ಇಂದಿನ ಧ್ವನಿವರ್ಧಕಗಳ ನಡುವೆ ಬೆಳೆದಿದ್ದರೆ ಆಕೆಗೆ ಅದು ಕೇಳಿಸುತ್ತಿತ್ತೋ ಇಲ್ಲವೋ!

ತಜ್ಞರು ಒಪ್ಪಿರುವ ಒಂದು ಅಳತೆಯಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು. ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕಿಳಿಯುತ್ತದೆ. ನೂರು ಡೆಸಿಬೆಲ್‌ಗೆ ಕಾಲು ಗಂಟೆ ಮಾತ್ರ. ಗಿರಣಿಯಾತ ತುರುಕಿಕೊಳ್ಳುವ ಹತ್ತಿಯ ಉಂಡೆ ಹೆಚ್ಚೇನೂ ತಡೆಯದು. ಔಷಧದಂಗಡಿಯಲ್ಲಿ ದೊರೆಯುವ ಮೆತ್ತನೆಯ ಬಿರಡೆಯನ್ನು ಹೊಸೆದು ಕಿವಿಯ ಒಳಕ್ಕೆ ಕೂರಿಸಬೇಕು.